ಮೈಬಣ್ಣದ ಕೈ

“ಎತ್ತೋ ಮೊಂಡ! ಹೊಸಾ ಕೈ ಹಾಕ್ಸಿಲ್ವಾ ನಿಂಗೆ? ಇನ್ನೂ ಏನೋ ನಾಟಕ, ಸೂಳೆಮಗನೆ!”

ಸಲಿಕೆ ಮೂರನೇ ಸಲ ಜಾರಿ ಜಲ್ಲಿಯ ಮೇಲೆ ಬಿತ್ತು. ಮೇಸ್ತ್ರಿ ಅದನ್ನು ಕಾಲಿನಿಂದ ಅವನತ್ತ ನೂಕಿದ.

ರೋಡ್ ರೋಲರ್ ಬಲಗೈಯನ್ನು ಮಣಿಕಟ್ಟಿನ ತನಕ ಅರೆದ ದಿನದಿಂದ ಅವನಿಗೆ ಮೊಂಡ ಎಂದೇ ಹೆಸರು. ಆಸ್ಪತ್ರೆಯವರು ಅವನ ಎಡಗೈಯ ಅಳತೆಯನ್ನು ಕಂಪ್ಯೂಟರಿಗೆ ಹಾಕಿ, ಅದನ್ನೇ ಕನ್ನಡಿಯಲ್ಲಿ ಕಂಡಂತೆ ಬಲಕ್ಕೆ ತಿರುಗಿಸಿ ಕೊಟ್ಟಿದ್ದರು. ಯಂತ್ರವೊಂದು ಪ್ಲಾಸ್ಟಿಕ್ ನೂಲನ್ನು ಕರಗಿಸಿ, ಪದರದ ಮೇಲೆ ಪದರ ಇಟ್ಟು ಈ ಕೈಯನ್ನು ಮುದ್ರಿಸಿತ್ತು. ಬೆರಳು ಮಡಚುವಂಥ ಬೇರೆ ಕೈಯೂ ಸಿಗುತ್ತಿತ್ತು. ನೋಡೋಕೆ ಚೆನ್ನಾಗಿದ್ದರೆ ಸಾಕು ಎಂದಿದ್ದ ಖರ್ಚು ಕೊಟ್ಟ ಕಂಟ್ರಾಕ್ಟರ್. ಹಾಗಾಗಿ ಉಗುರು, ಗೆರೆ ಎಲ್ಲ ಇದ್ದವು. ಬೆರಳುಗಳು ಮಾತ್ರ ಚಾಚಿಕೊಂಡೇ ಇದ್ದವು. ಬಣ್ಣ ತಿಳಿಗುಲಾಬಿ.

“ಇದು ಮೈಬಣ್ಣ,” ಎಂದಿದ್ದ ಅವತ್ತು ಕಂಟ್ರಾಕ್ಟರ್.

“ಯಾರ ಮೈದು, ಧಣಿ?” ಎಂದು ಕೇಳಿದ್ದಳು ಜೊತೆಯಲ್ಲೇ ಜಲ್ಲಿ ಹೊರುವ ಅವನ ಹೆಂಡತಿ.

“ನಿನ್ನದಂತೂ ಅಲ್ಲ ಬಿಡು.” ಎಲ್ಲರೂ ನಕ್ಕಿದ್ದರು.

ಈಗ ಮೇಸ್ತ್ರಿ ಗಡಿಯಾರ ನೋಡಿದ. “ಊಟದ ಹೊತ್ತಿಗೆ ಧಣಿ ಬರ್ತಾರೆ, ಫೋಟೋದವನ ಜೊತೆ. ಅಷ್ಟರಲ್ಲಿ ಸಲಿಕೆ ಹಿಡಿದ್ರೆ ಕೆಲಸ. ಇಲ್ಲಾಂದ್ರೆ ಗಂಡ ಹೆಂಡ್ತಿ ಇಬ್ರೂ ಇವತ್ತೇ ಗುಡಿಸಲು ಖಾಲಿ ಮಾಡಿ. ಕೈ ಮುಗೀಬೇಡ ಮತ್ತೆ! ಅದಕ್ಕೇನೋ ಹೇಳಿ ಮಾಡ್ಸಿದಂಗಿದೆ.”

ಅವನು ಟಾರು ಕಾಯಿಸುವ ಡ್ರಮ್ಮಿನ ಬಳಿ ಹೋಗಿ ಕೂತ. ಉರಿಯ ಝಳಕ್ಕೆ ಹೆಬ್ಬೆರಳು ಮೆಲ್ಲಗೆ ಬಾಗಿದ್ದನ್ನು ಕಂಡವಳು ಹೆಂಡತಿ.

“ಅಯ್ಯೋ, ತೆಗಿ! ಕರಗ್ತಿದೆ!”

“ಸಲಿಕೆ ತಾ.”

“ಕಾವು ಒಳಗೆ ಹತ್ತುತ್ತೆ ಕಣಯ್ಯ.”

“ತಾ ಅಂದೆ.”

“ಕೈ ಇದ್ದಾಗ್ಲೂ ನೀನು ಮೊಂಡನೇ.”

ಟಾರು ಮೆತ್ತಿದ ಬಟ್ಟೆಯನ್ನು ಅಂಗೈಗೆ ಸುತ್ತಿಕೊಂಡು, ಅವಳು ಒಂದೊಂದೇ ಬೆರಳನ್ನು ಸಲಿಕೆಯ ಹಿಡಿಗೆ ಬಾಗಿಸಿ ಒತ್ತಿದಳು. ಮೊಂಡುಗೈಯ ಚರ್ಮ ಸುಟ್ಟ ವಾಸನೆ ಬಂತು. ಅವನು ಹಲ್ಲು ಕಚ್ಚಿಕೊಂಡಿದ್ದ. ಅವಳು ನೀರು ಹೊಯ್ದಳು. ಚುಂಯ್ ಎಂದಿತು. ಟಾರು ಮೆತ್ತಿ ಕೈ ಕಪ್ಪಾಗಿತ್ತು, ಗುಲಾಬಿ ಬಣ್ಣ ಎಲ್ಲೂ ಉಳಿದಿರಲಿಲ್ಲ.

“ಈಗ ನಿನ್ ಮೈದೇ ಆಯ್ತು,” ಎಂದಳು.

ಕಂಟ್ರಾಕ್ಟರ್ ಬಂದ. ಫೋಟೋದವನು ಕ್ಯಾಮೆರಾ ಎತ್ತಿದ.

“ಎಲ್ಲಿ, ಕೈ ಕೊಡೋ. ಸ್ವಲ್ಪ ನಗು,” ಎಂದ ಕಂಟ್ರಾಕ್ಟರ್.

ಅವನು ಕೈ ಚಾಚಿದ. ಸಲಿಕೆಯ ಅಲಗು ಕಂಟ್ರಾಕ್ಟರನ ಬಿಳಿ ಅಂಗಿಯ ಗುಂಡಿಗೆ ತಾಗಿ ನಿಂತಿತು.

“ಕೆಳಗಿಡೋ ಅದನ್ನ!” ಮೇಸ್ತ್ರಿ ಕಿರುಚಿದ.

ಕಂಟ್ರಾಕ್ಟರ್ ಹೇಳಿದಂತೆಯೇ ಅವನು ನಗುತ್ತಿದ್ದ.

“ಬಿಡಕ್ಕೆ ಬರಲ್ಲ, ಧಣಿ. ನೀವೇ ಮಾಡ್ಸಿದ ಕೈ. ಬೆರಳು ಬಿಚ್ಚಲ್ಲ.”