ಬೆಳಗಿನ ಎಣ್ಣೆ, ಮಧ್ಯಾಹ್ನದ ಎಣ್ಣೆ

ಬೆಳಗ್ಗೆ ಶೆಡ್ಡಿಗೆ ಬಂದ ಅತ್ತಿಗೆ ಡ್ರಮ್ಮಿನ ಮುಚ್ಚಳ ಎತ್ತಿದರೆ ಎಣ್ಣೆ ಮೇಣದಂತೆ ಹೆಪ್ಪುಗಟ್ಟಿತ್ತು. ಹರಕು ಪ್ಲಾಸ್ಟಿಕ್ ಕರಗಿಸಿ ತೆಗೆದ ಕಪ್ಪೆಣ್ಣೆಯನ್ನು ಮತ್ತೆ ಕಾಯಿಸಿ, ಅದರ ಆವಿಯನ್ನು ತಣಿಸಿ ಡೀಸೆಲ್ ಮಾಡುವುದು ಅವಳ ಮತ್ತು ಮೈದುನನ ಹೊಸ ಕಸುಬು. ಹಿಂದಿನ ದಿನ ಡ್ರಮ್ಮಿಗೆ ಇಳಿದದ್ದು ತಿಳಿ ಎಣ್ಣೆ. ಅವಳೇ ಕಣ್ಣಾರೆ ಕಂಡಿದ್ದಳು.

ಮೈದುನ ಬರುವುದು ಬಿಸಿಲು ನೆತ್ತಿಗೇರಿದ ಮೇಲೆ. ಅವಳ ದೂರು ಕೇಳಿ ಅವನು ಕೋಲು ಅದ್ದಿ ಎತ್ತಿದರೆ ಎಣ್ಣೆ ನೀರಿನಂತೆ ತೊಟ್ಟಿಕ್ಕಿತು.

“ಕನ್ನಡಕ ಹಾಕ್ಕೊಳ್ಳಿ ಅಂದ್ರೆ ಕೇಳಲ್ಲ ನೀವು, ಅತ್ತಿಗೆ.”

“ಬೆರಳಿಗೇ ಅಂಟಿತ್ತು ಕಣೋ! ಬೆರಳಿಗೂ ಕನ್ನಡಕ ಹಾಕ್ಲಾ?”

ಮರುದಿನವೂ ಅದೇ ಕಥೆ. ಯಾರಾದರೂ ಡ್ರಮ್ಮು ಅದಲುಬದಲು ಮಾಡುತ್ತಿದ್ದಾರೋ, ತನಗೇ ಅರಳುಮರಳೋ, ಅವಳಿಗೆ ತಲೆಬುಡ ತಿಳಿಯಲಿಲ್ಲ.

ಅಂದು ಮಧ್ಯಾಹ್ನವೇ ದೋಣಿಯವನು ಕ್ಯಾನು ಹಿಡಿದು ಬಂದ. ನಸುಕಿನ ಚಳಿಯಲ್ಲಿ ಶಾಲೆಯ ಮಕ್ಕಳನ್ನು ಹೊಳೆ ದಾಟಿಸುವವನು. ನಡುಹೊಳೆಯಲ್ಲಿ ಎಂಜಿನ್ ನಿಂತರೆ ದೋಣಿಯನ್ನು ಸೆಳವು ಬಂಡೆಗಳತ್ತ ಒಯ್ಯುತ್ತದೆ.

“ಭೇಷ್! ಕನ್ನಡಿ ಹಾಗಿದೆ, ತುಂಬ್ಸಿ,” ಎಂದ.

ಮೈದುನ ಕೊಳವೆ ಎತ್ತಿಕೊಂಡ. ಅವಳು ಕ್ಯಾನಿನ ಬಾಯಿಗೆ ಅಂಗೈ ಅಡ್ಡ ಇಟ್ಟಳು.

“ಇವತ್ತು ಬೇಡಣ್ಣ.”

“ಯಾಕಮ್ಮಾ?”

“ಗೊತ್ತಿಲ್ಲ. ನಾಳೆ ಬೆಳಗ್ಗೆ ಬಂದು ನೋಡು. ಆಗಲೂ ಬೇಕು ಅನ್ಸಿದ್ರೆ ತಗೊಂಡೋಗು.”

“ಬಂದ ಗಿರಾಕೀನ ಓಡಿಸೋದು ನಿಮ್ಮಿಂದ ಕಲೀಬೇಕು,” ಎಂದು ಮೈದುನ ಗೊಣಗಿದ.

ಬೆಳಗ್ಗೆ ಮೂವರೂ ಡ್ರಮ್ಮಿನೊಳಗೆ ಬಗ್ಗಿದರು. ದೋಣಿಯವನು ಬೆರಳು ಒತ್ತಿದ. ಗುಳಿ ಬಿದ್ದದ್ದು ಹಾಗೇ ಉಳಿಯಿತು.

“ಇದನ್ನ ಎಂಜಿನ್‌ಗೆ ಹಾಕೋದೋ, ಬತ್ತಿ ಇಟ್ಟು ಹಚ್ಚೋದೋ?” ಎಂದವನು, ಮಕ್ಕಳ ನೆನಪಾಗಿ ಹೊಳೆಯತ್ತ ನೋಡಿದ.

ಮೈದುನನ ಮುಖ ಇಂಗು ತಿಂದ ಮಂಗನಂತಾಗಿತ್ತು. ಅವಳು ಅವನನ್ನೇ ನೋಡಿದಳು.

“ಕಾಯಿಸೋವಾಗ ಕೊನೆಗೆ ಇಳಿಯೋ ಮಂದ ಎಣ್ಣೇನ ಎಲ್ಲಿಗೆ ಬಿಟ್ಟೆ?”

“ಇದಕ್ಕೇ. ಅದೂ ಎಣ್ಣೆ ತಾನೆ? ಸುಮ್ನೆ ಯಾಕೆ ದಂಡ ಮಾಡೋದು ಅಂತ…”

“ಬಿಸಿಲಿಗೆ ಕರಗಿ, ಚಳಿಗೆ ಕಟ್ಕೊಳ್ತಿರೋದು ಅದೇ ಇರ್ಬೇಕು.”

“ಹೌದಾ?”

“ನನಗೇನು ಗೊತ್ತು? ಅದೇ ಇರ್ಬೇಕು.”

ದೋಣಿಯವನು ಖಾಲಿ ಕ್ಯಾನು ಅಲ್ಲೇ ಇಟ್ಟು ಹೋದ. ಡ್ರಮ್ಮಿನಲ್ಲಿದ್ದುದನ್ನೆಲ್ಲ ಕೆರೆದು ಮತ್ತೆ ಒಲೆಗೇರಿಸಿದರು. ಸಂಜೆಯ ಹೊತ್ತಿಗೆ ಡ್ರಮ್ಮಿಗೆ ಬೀಳುವ ಹನಿ ಸಣ್ಣಗಾಯಿತು; ಇನ್ನು ಮಂದ ಎಣ್ಣೆ ಇಳಿಯುವ ಹೊತ್ತು. ಮೈದುನ ಡ್ರಮ್ಮಿಗೆ ಹೋಗುವ ಕೊಳವೆಯ ನಲ್ಲಿಯ ಮೇಲೆ ಕೈಯಿಟ್ಟು ಕೇಳಿದ, “ಈಗ ಮುಚ್ಲಾ, ಅತ್ತಿಗೆ?”

ಅವಳು ಒಂದು ಹನಿಯನ್ನು ಬೆರಳಲ್ಲಿ ಉಜ್ಜಿ ನೋಡಿದಳು. ಜಾರುತ್ತಿತ್ತು. ಅಂಟುತ್ತಲೂ ಇತ್ತೇನೋ.

“ತಡಿ,” ಎಂದಳು. ಮರುಕ್ಷಣವೇ, “ಬೇಡ, ಮುಚ್ಚು, ಮುಚ್ಚು!”