ಮೊಣಕಾಲು ಮಡಚಿ ಸತ್ತವನು

ಈ ಟೊಪ್ಪಿಯವನು ಆಗಲೇ ಸೇತುವೆಯ ಹತ್ತಿರ ಸತ್ತನಲ್ಲ, ಮತ್ತೆ ಹೇಗೆ ರೈಲಿನಲ್ಲಿ ಕೂತು ಪೂರಿ ತಿನ್ನುತ್ತಿದ್ದಾನೆ — ಕುನ್ಜೆಸ್ ಕತ್ತು ಉದ್ದ ಮಾಡಿದಳು, ಸತ್ತದ್ದು ಇವನ ತಮ್ಮನೋ, ಅಥವಾ ಇದು ಸಾಯುವ ಮೊದಲಿನ ಕಥೆಯೋ, ಯಾರನ್ನು ಕೇಳುವುದು, ಪಕ್ಕದ ಮನೆಯ ಸ್ಪಾಲ್ಜೆಸ್ ಥರ್ಮಾಸಿನಿಂದ ಉಪ್ಪು ಚಹಾ ಬಗ್ಗಿಸುತ್ತ ನಂಗೂ ತಲೆಬುಡ ಗೊತ್ತಾಗ್ತಿಲ್ಲ ಅಕ್ಕಾ, ಸುಮ್ನೆ ನೋಡು ಎನ್ನುತ್ತಾಳೆ, ಲೇಹ್‌ನಿಂದ ಪರದೆ ತರಿಸಿ, ಶಾಲೆಯ ಕಿಟಕಿಗಳಿಗೆಲ್ಲ ಕಂಬಳಿ ಇಳಿಬಿಟ್ಟು ಕತ್ತಲು ಮಾಡಿದ್ದಾರೆ, ಊರಿಗೆ ಊರೇ ಬಂದು ಕೂತಿದೆ, ಈ ಯುದ್ಧ ಯಾರಿಗೆ ಬೇಕು, ನಮ್ಮೂರಲ್ಲೇ ನಮ್ಮವರನ್ನೇ ಹಾಕಿಕೊಂಡು ತೆಗೆದ ಸಿನಿಮಾ, ಎಲ್ಲರೂ ಅದರಲ್ಲಿ ತಂತಮ್ಮ ಮುಖ ಹುಡುಕುತ್ತಿದ್ದಾರೆ, ಅವಳು ಹುಡುಕುತ್ತಿರುವುದು ಹೋದ ಚಳಿಗಾಲ ತೀರಿಕೊಂಡ ಗಂಡ ಫುಂಚೋಕನನ್ನು, ಮನೆಯಲ್ಲಿರುವುದು ಮತದಾರರ ಚೀಟಿಯ ಒಂದೇ ಫೋಟೋ, ಅದರಲ್ಲಿ ಕಳ್ಳನ ಹಾಗೆ ಕಣ್ಣು ಬಿಟ್ಟಿದ್ದಾನೆ, ಅವನು ಅಲುಗಾಡುವುದನ್ನು ಒಂದು ಸಲ ನೋಡಿದರೆ ಸಾಕು, ಸಿನಿಮಾ ಹಾಳಾಗಿ ಹೋಗಲಿ.

ಗುಂಡು, ಹೊಗೆ, ಅಗೋ ಓಡುವವರೆಲ್ಲ ನಮ್ಮೂರಿನವರೇ, ಶೂಟಿಂಗಿನ ದಿನ ಬೆಳಿಗ್ಗೆ ಹಸಿರಂಗಿ ಕೊಟ್ಟು ನಮ್ಮ ಸೈನ್ಯ ಮಾಡಿದರು, ಊಟವಾದ ಮೇಲೆ ಕಂದಂಗಿ ಹಾಕಿಸಿ ಶತ್ರುಗಳನ್ನಾಗಿ ಮಾಡಿದರು, ನನ್ನನ್ನ ನಾನೇ ಹೊಡ್ಕೊಂಡೆ ಕಣೇ ಎಂದು ಅವತ್ತು ಒಲೆಯ ಮುಂದೆ ಫುಂಚೋಕ್ ನಕ್ಕಿದ್ದ, ಹಾಗಾದ್ರೆ ಗೆದ್ದೋರು ಯಾರು ಎಂದರೆ, ಅದನ್ನ ಅವರು ಹೇಳ್ಲಿಲ್ಲ ಅಂದ — ಸಿನಿಮಾ ಈಗಲೂ ಹೇಳುತ್ತಿಲ್ಲ, ನಾಯಕ ಶಿಖರ ಹತ್ತುವುದನ್ನು ಬಿಟ್ಟು ಹಿಮದಲ್ಲಿ ತೆಳುಸೀರೆಯವಳ ಜೊತೆ ಕುಣಿಯುತ್ತಿದ್ದಾನೆ, ಪಾಪ, ಅವಳಿಗೆ ಚಳಿಯಾಗುವುದಿಲ್ಲವೇ, ಅಂಗಿ ಬದಲಾದರೂ ನಡಿಗೆ ಬದಲಾಗುತ್ತದೆಯೇ, ಫುಂಚೋಕ್ ಎಡಗಾಲು ಸ್ವಲ್ಪ ಎಳೆಯುತ್ತಿದ್ದ, ಈ ಓಡುವವರಲ್ಲಿ ಕಾಲೆಳೆಯುವವನು ಯಾರು, ಹೊಗೆ, ಬರೀ ಹೊಗೆ, ಸಾಯೋದನ್ನೂ ಹೇಳ್ಕೊಡ್ಬೇಕಾ ನಿಮಗೆ ಎಂದು ಸಿನಿಮಾದವನು ರೇಗಿದನಂತೆ, ಗುಂಡು ಹಾರಿದ ಕೂಡಲೇ ನಮ್ಮವರೆಲ್ಲ ಕುಕ್ಕರುಗಾಲಲ್ಲಿ ಕೂತು ಮೊಣಕಾಲನ್ನು ಎದೆಗೆ ಒತ್ತಿಕೊಂಡರಂತೆ, ಮತ್ತಿನ್ನೇನು, ಇಲ್ಲಿ ಹೆಣವನ್ನು ಹಾಗೆ ತಾನೇ ಮಡಚಿ ಬಿಗಿದು ಕೂರಿಸಿ ಸುಡುವುದು, ಕೈಕಾಲು ಚಾಚಿ ಬೀಳೋನು ಕುಡುಕ, ಹೆಣ ಅಲ್ಲ ಅಂದೆ ಎಂದಿದ್ದ ಫುಂಚೋಕ್, ಎಲ್ಲರನ್ನೂ ಎಳೆದು ಮಲಗಿಸಿದರಂತೆ, ಇವನು ಮಾತ್ರ ಅವರು ಆಚೆ ತಿರುಗಿದ ಕೂಡಲೇ ಮತ್ತೆ ಮಡಚಿಕೊಂಡನಂತೆ, ಹಠಮಾರಿ, ಸಾಯುವುದರಲ್ಲೂ ಹಠ.

ಹಾಡು ನಿಂತಿತು, ಇಳಿಜಾರಿನ ತುಂಬ ಹೆಣಗಳು, ಹಸಿರು, ಕಂದು, ಯಾವ ಕಡೆಯವೋ, ಎಲ್ಲ ಕೈಕಾಲು ಚಾಚಿವೆ, ನಾಯಕ ಬಾವುಟ ಹಿಡಿದು ಏನೋ ಭಾಷಣ ಮಾಡುತ್ತಿದ್ದಾನೆ, ಅವನ ಹಿಂದೆ, ಪರದೆಯ ಅಂಚಿನಲ್ಲಿ, ಬಂಡೆಗೆ ಒರಗಿ ಒಬ್ಬ ಮಾತ್ರ ಕೂತಿದ್ದಾನೆ, ಮೊಣಕಾಲು ಮಡಚಿ, ಮುಖ ಮೊಣಕಾಲಿನಲ್ಲಿ ಹುದುಗಿಸಿ, ಮುಖ ಎತ್ತು ಮಾರಾಯ, ಒಂದು ಸಲ, ಎತ್ತುವುದಿಲ್ಲ, ಸತ್ತವನು ಹೇಗೆ ಎತ್ತುತ್ತಾನೆ, ಹಿಂದಿನಿಂದ ಯಾರೋ ಕಿಸಕ್ಕೆಂದರು, ಅಲ್ನೋಡ್ರೋ, ಸತ್ತೋನು ಉಸಿರಾಡ್ತಿದಾನೆ, ಇಡೀ ಶಾಲೆ ನಕ್ಕಿತು, ಸ್ಪಾಲ್ಜೆಸ್ ಅವಳ ಕೈ ಹಿಡಿದಳು, ಹೋದ ಚಳಿಗಾಲ ನೆರೆಯವರು ಅವನನ್ನು ಹೀಗೇ ಮಡಚಿ ಹಗ್ಗ ಬಿಗಿಯುವಾಗ ಅವಳು ಬಾಗಿಲಲ್ಲಿ ನಿಂತು ಆ ಬೆನ್ನನ್ನೇ ನೋಡಿದ್ದಳು, ಈಗ ಅಲುಗುತ್ತದೆ, ಈಗ ಅಲುಗುತ್ತದೆ ಎಂದು, ಅಲುಗಲಿಲ್ಲ — ಯಾರು ಗೆದ್ದರೋ, ಬಾವುಟ ಯಾರದೋ, ಅಲ್ಲಿ, ಅಂಚಿನಲ್ಲಿ, ಬೆನ್ನು ಏಳುತ್ತಿದೆ, ಇಳಿಯುತ್ತಿದೆ, ಏಳುತ್ತಿದೆ