ಇಲ್ಕಾಳ ಎಂಟು ಗ್ರಹಗಳು

ಸೆಪ್ಟೆಂಬರಿನ ಮೊದಲ ಸೋಮವಾರ ನೆಸ್ಲರ್ ಮೇಷ್ಟ್ರು ಹತ್ತನೆಯ ತರಗತಿಯ ಕರಿಹಲಗೆಯ ಮೇಲೆ ಒಂಬತ್ತು ಗ್ರಹಗಳ ಹೆಸರು ಬರೆದು, ಕೊನೆಯದನ್ನು ಒದ್ದೆ ಬಟ್ಟೆಯಿಂದ ಒರೆಸಿದರು. ಹನ್ನೊಂದು ದಿನದ ಹಿಂದೆ ಗಡಿಯಾಚೆಯ ಪ್ರಾಗ್‌ನಲ್ಲಿ ಖಗೋಳ ವಿಜ್ಞಾನಿಗಳು ಸಭೆ ಸೇರಿ, ಕೈಯೆತ್ತಿ, ಪ್ಲೂಟೊ ಇನ್ನು ಗ್ರಹವಲ್ಲ ಎಂದು ತೀರ್ಮಾನಿಸಿದ್ದರು. ಕೈಯೆತ್ತಿ ತೀರ್ಮಾನಿಸುವುದು ನಮ್ಮ ಸ್ಯಾಕ್ಸನಿಯವರಿಗೆ ಹೊಸದಲ್ಲ. ನಲವತ್ತು ವರ್ಷ ಎಲ್ಲರೂ ಒಟ್ಟಿಗೆ ಎತ್ತಿದ್ದೇವೆ, ಪಕ್ಕದವನು ಎತ್ತಿದನೋ ಇಲ್ಲವೋ ಎಂದು ಓರೆಗಣ್ಣಿನಲ್ಲಿ ನೋಡಿಕೊಂಡೇ ಎತ್ತಿದ್ದೇವೆ.

"ಪುಸ್ತಕದಲ್ಲಿ ಒಂಬತ್ತು ಅಂತಲೇ ಇದೆಯಲ್ಲ, ಏನ್ ಮಾಡೋಣ ಮೇಷ್ಟ್ರೇ?" ಎಂದಳು ಮುಂದಿನ ಸಾಲಿನ ಹುಡುಗಿ.

"ಅದರ ಮೇಲೆ ಕಾಗದದ ಪಟ್ಟಿ ಅಂಟಿಸಿ."

ಪಟ್ಟಿ ಅಂಟಿಸುವುದರಲ್ಲಿ ಮೇಷ್ಟ್ರದು ಪಳಗಿದ ಕೈ. ತೊಂಬತ್ತರಲ್ಲಿ ನಮ್ಮ ಸಮಾಜವಾದಿ ದೇಶವೇ ಇಲ್ಲವಾದಾಗ ಶಾಲೆಯವರೆಲ್ಲ ಬೇಸಿಗೆಯಿಡೀ ಕೂತು ಇತಿಹಾಸ, ಭೂಗೋಳಗಳಿಗೆ ಪಟ್ಟಿ ಹಚ್ಚಿದ್ದರು. ಗಾಳಿ ಬಂದಾಗ ತೂರಿಕೊಳ್ಳುವವರು ಅಂಟಿನ ಡಬ್ಬಿ ಹಿಡಿದು ಮುಂದೆ ನಿಂತಿದ್ದರು. "ನನ್ನ ಆಕಾಶಕ್ಕೆ ಅಂಟು ಬೇಕಿಲ್ಲಪ್ಪ" ಎಂದು ಆಗ ಮೇಷ್ಟ್ರು ಬೀಗಿದ್ದರು.

ಹಿಂದಿನ ಬೆಂಚಿನ ಎನ್ರಿಕೊ ಕೈಯೆತ್ತಿದ. ತಲೆಹರಟೆ, ಆದರೆ ದಡ್ಡನಲ್ಲ.

"ಮೇಷ್ಟ್ರೇ, ಮುಂಚೆ ಯಾರಾದ್ರೂ ಎಂಟೇ ಅಂತ ಹೇಳಿ ನಪಾಸಾಗಿದ್ರೆ, ಅವರ ಅಂಕ ವಾಪಸ್ ಕೊಡ್ತೀರಾ?"

ತರಗತಿ ಘೊಳ್ಳೆಂದು ನಕ್ಕಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಮೇಷ್ಟ್ರು ಮೈಮೇಲಿಲ್ಲದ ಸೀಮೆಸುಣ್ಣದ ಪುಡಿ ಕೊಡವಿಕೊಂಡು, "ಕೊಡಬೇಕಾಗುತ್ತೆ" ಎಂದರು.

ಅಂಥವಳೊಬ್ಬಳು ಇದ್ದಳು. ಎಂಬತ್ತಾರರಲ್ಲಿ ಹತ್ತನೆಯ ತರಗತಿಯಲ್ಲಿದ್ದ ಇಲ್ಕಾ. ಶಾಲೆಯ ದೂರದರ್ಶಕದ ಕೋಣೆಯ ಬೀಗದ ಕೈಯನ್ನು ಮೇಷ್ಟ್ರು ನಂಬಿ ಕೊಟ್ಟದ್ದು ಅವಳೊಬ್ಬಳಿಗೇ. ಮೌಖಿಕ ಪರೀಕ್ಷೆಯಲ್ಲಿ ಅವಳು, ಪ್ಲೂಟೊ ನಮ್ಮ ಚಂದ್ರನಿಗಿಂತ ಚಿಕ್ಕದು, ಅದರ ದಾರಿಯೂ ಓರೆ, ಹಾಗಾಗಿ ಗ್ರಹಗಳು ಎಂಟೇ ಎನ್ನಬೇಕು ಎಂದಳು. ಮೇಷ್ಟ್ರು ಐದು ಕೊಟ್ಟರು. ನಮ್ಮಲ್ಲಿ ಒಂದು ಎಂದರೆ ಉತ್ತಮ, ಐದು ಎಂದರೆ ನಪಾಸು. ಆ ಐದರಿಂದಾಗಿ ಅವಳಿಗೆ ಮೇಲಿನ ಶಾಲೆಯ ಬಾಗಿಲು ಮುಚ್ಚಿತು, ಭೌತಶಾಸ್ತ್ರ ಓದುವ ಆಸೆಯೂ ಅಲ್ಲಿಗೇ ಮುಗಿಯಿತು. ಪೂರ್ವ ಪಶ್ಚಿಮಗಳ ನಡುವಿನ ಗೋಡೆ ಬೀಳುವ ಹೊತ್ತಿಗೆ ಅವಳ ಸೊಂಟದ ಮೇಲೊಂದು, ಕೈಯಲ್ಲೊಂದು ಮಗು. ಈಗ ಚರ್ಚಿನ ಹಿಂದಿನ ಬೇಕರಿಯಲ್ಲಿ ಬ್ರೆಡ್ಡು ಮಾರುತ್ತಾಳೆ. ಮೇಷ್ಟ್ರು ಇಪ್ಪತ್ತು ವರ್ಷದಿಂದ ಸೇತುವೆ ದಾಟಿ ಬೇರೆ ಬೇಕರಿಗೆ ಹೋಗುತ್ತಾರೆ. ಅಲ್ಲಿಯ ಬ್ರೆಡ್ಡು ಚೆನ್ನಾಗಿಲ್ಲ.

ಪುಸ್ತಕದಲ್ಲಿ ಇದ್ದಂತೆ ಅಂಕ ಕೊಟ್ಟೆ, ನನ್ನದೇನು ತಪ್ಪು? ಇಪ್ಪತ್ತು ವರ್ಷ ಈ ಒಂದು ಮಾತಿನ ಮೇಲೆ ಅವರು ಬದುಕಿದ್ದರು. ಈಗ ಪುಸ್ತಕವೇ ಕೈಕೊಟ್ಟಿತು.

ಅಂದು ಮಧ್ಯಾಹ್ನ ಅವರು ಶಾಲೆಯ ಕಚೇರಿಯಿಂದ ಅಂಕ ತಿದ್ದುಪಡಿಯ ಫಾರಂ ತಂದರು. ಕಾರಣ ಬರೆಯದೆ ನಮ್ಮಲ್ಲಿ ಒಂದು ಅಂಕವೂ ಕದಲುವುದಿಲ್ಲ. ಹೆಸರು: ಇಲ್ಕಾ. ಹಳೆಯ ಅಂಕ: ಐದು. ಹೊಸ ಅಂಕ: ಒಂದು. ಕಾರಣ: ಗ್ರಹದ ವ್ಯಾಖ್ಯೆ ಬದಲಾಗಿದೆ. ಸಹಿ ಹಾಕಿ ನಾಲ್ಕು ಗಂಟೆಗೆ ಚರ್ಚಿನ ಹಿಂದಿನ ಬೇಕರಿಗೆ ಹೋದರು. ಎದೆ ಹಗುರಾಗಿತ್ತು ಎಂದರೆ ನಂಬಿ, ದಾರಿಯಲ್ಲಿ ಶಿಳ್ಳೆ ಕೂಡ ಹಾಕಿದರು.

ಗಲ್ಲಾಪೆಟ್ಟಿಗೆಯ ಬಳಿ ಇಲ್ಕಾ ಒಬ್ಬಳೇ ಇದ್ದಳು. "ಏನು ಕೊಡ್ಲಿ ಮೇಷ್ಟ್ರೇ?" ಎಂದಳು, ದಿನಾ ಬರುವ ಗಿರಾಕಿಯನ್ನು ಕೇಳಿದಂತೆ.

"ನೀನು ಆವತ್ತು ಹೇಳಿದ್ದೇ ಸರಿ ಇಲ್ಕಾ. ಎಂಟೇ ಅಂತೆ. ಇಗೋ, ತಿದ್ದಿ ತಂದಿದೀನಿ."

ಅವಳು ಕೈಯ ಹಿಟ್ಟನ್ನು ಏಪ್ರನ್ನಿಗೆ ಒರೆಸಿಕೊಂಡು, ಫಾರಂ ತೆಗೆದುಕೊಂಡು, ನಿಧಾನವಾಗಿ ಓದಿದಳು.

"ಪ್ರಾಗ್‌ನವರು ಕೈ ಎತ್ತದೇ ಇದ್ದಿದ್ರೆ ನೀವು ಬರ್ತಿರಲಿಲ್ಲ, ಅಲ್ವಾ?"

ಮೇಷ್ಟ್ರು ಗಾಜಿನೊಳಗಿನ ಬ್ರೆಡ್ಡುಗಳ ಕಡೆ ನೋಡಿದರು.

"ನಮ್ಮಪ್ಪ ದೇಶ ಬಿಟ್ಟು ಪಶ್ಚಿಮಕ್ಕೆ ಹೋಗ್ತೀನಿ ಅಂತ ಅರ್ಜಿ ಕೊಟ್ಟು ಮೂರು ವಾರ ಆಗಿತ್ತು. ಪರೀಕ್ಷೆಯ ಹಿಂದಿನ ದಿನ ಮುಖ್ಯೋಪಾಧ್ಯಾಯರು ನಿಮ್ಮನ್ನ ಒಳಗೆ ಕರೆದರು. ನಾನು ಬೀಗದ ಕೈ ಕೊಡೋಕೆ ಬಂದೋಳು ಬಾಗಿಲ ಹೊರಗೇ ನಿಂತಿದ್ದೆ ಮೇಷ್ಟ್ರೇ. 'ಆ ಹುಡುಗಿ ಮೇಲಿನ ಶಾಲೆಗೆ ಹೋಗಬಾರದು, ಏನಾದರೂ ಒಂದು ಹುಡುಕಿ' ಅಂದರು. ನೀವು 'ಹುಡುಕ್ತೀನಿ' ಅಂದ್ರಿ. ಪ್ಲೂಟೊ ಸಿಗದಿದ್ರೆ ಶನಿಯ ಬಳೆ ಸಿಕ್ತಿತ್ತು."

ಆ ಮಾತು ಇನ್ನೊಬ್ಬರ ಕಿವಿಗೆ ಬಿದ್ದಿರಬಹುದೆಂದು ಮೇಷ್ಟ್ರು ಒಮ್ಮೆಯೂ ಯೋಚಿಸಿರಲಿಲ್ಲ. ಅವರೇ ಅದನ್ನು ಹೆಚ್ಚುಕಡಿಮೆ ಮರೆತಿದ್ದರು.

ಅವಳು ಫಾರಮನ್ನು ಅವರ ಕಡೆ ತಿರುಗಿಸಿ ಇಟ್ಟಳು. "ಕಾರಣ ತಪ್ಪು ಬರೆದಿದೀರಿ. ಸರಿಯಾಗಿ ಬರ್ಕೊಂಡು ಬನ್ನಿ, ಇಟ್ಕೋತೀನಿ." ಬೈಗುಳವೇನೂ ಇರಲಿಲ್ಲ. ಮೇಷ್ಟ್ರೇ ತರಗತಿಯಲ್ಲಿ ಮಕ್ಕಳ ಪುಸ್ತಕ ಹಿಂದಿರುಗಿಸುವ ಧಾಟಿ ಅದು. ಅಷ್ಟರಲ್ಲಿ ಇನ್ನೊಬ್ಬ ಗಿರಾಕಿ ಬಂದಳು, ಇಲ್ಕಾ ಅವಳಿಗೆ ಮೊಟ್ಟೆಯ ಕೇಕು ಕತ್ತರಿಸತೊಡಗಿದಳು.

ಮೇಷ್ಟ್ರು ಹೊಸ ಫಾರಂ ತಂದರು. ವಾರವಿಡೀ, ಶಾಲೆ ಬಿಟ್ಟ ಮೇಲೆ, ಖಾಲಿ ತರಗತಿಯಲ್ಲಿ ಕೂತು ಬರೆದರು. ಹೆಸರು, ಹಳೆಯ ಅಂಕ, ಹೊಸ ಅಂಕ. ಕಾರಣದ ಗೆರೆಗೆ ಬಂದಾಗ ಪೆನ್ನು ನಿಲ್ಲುತ್ತಿತ್ತು. ಬರೆಯಬೇಕಾದ್ದು ಎರಡೇ ಪದ: ನಾನು ಹೆದರಿದೆ. ಅದಕ್ಕೆ ಕಚೇರಿಯ ಮೊಹರು ಬೀಳಬೇಕು, ಊರು ಓದಬೇಕು, ಮುಂದಿನ ವರ್ಷ ನಿವೃತ್ತಿಯಲ್ಲಿ ಸಿಗಲಿರುವ ಬೀಳ್ಕೊಡುಗೆಯ ಹೂವಿನ ಗುಚ್ಛವನ್ನು ಆಮೇಲೆ ಯಾವ ಮುಖ ಹೊತ್ತು ಹಿಡಿಯುವುದು? ಎರಡು ಪದಕ್ಕೆ ಅರವತ್ತೆರಡರ ಮುದುಕನಿಗೆ ಧೈರ್ಯ ಸಾಲಲಿಲ್ಲ. ಹೆದರಿಸಲು ಈಗ ಯಾರೂ ಇರಲಿಲ್ಲ ಎಂಬುದೇ ಅವರನ್ನು ಹೆಚ್ಚು ಸುಟ್ಟಿತು.

ಮುಂದಿನ ಸೋಮವಾರ ಮಕ್ಕಳ ಪುಸ್ತಕಗಳಲ್ಲಿ ಪ್ಲೂಟೊ ಇರಲಿಲ್ಲ. ಬಿಳಿಯ ಪಟ್ಟಿಗಳು ನೀಟಾಗಿ ಅಂಟಿದ್ದವು.

"ಮೇಷ್ಟ್ರೇ, ಅಂಕ ವಾಪಸ್ ಕೊಟ್ರಾ?" ಎಂದ ಎನ್ರಿಕೊ. ಈ ಸಲ ಅವನು ನಗುತ್ತಿರಲಿಲ್ಲ, ನಿಜವಾಗಿ ಕೇಳುತ್ತಿದ್ದ.

ಕಾರಣವಿಲ್ಲದ ಫಾರಂ ಮೇಷ್ಟ್ರ ಕೋಟಿನ ಜೇಬಿನಲ್ಲಿತ್ತು.

"ಕೊಟ್ಟೆ" ಎಂದು ಅವರು ಕರಿಹಲಗೆಯ ಕಡೆ ತಿರುಗಿದರು.